ಏಳ್ಕೆರೆ ಸೀಮೆಯಲ್ಲಿ ಸಾಯುವ ಕ್ರಮ

ತೊಗರಿಬೇಳೆಯನ್ನು ಮೊರಕ್ಕೆ ಸುರಿದುಕೊಂಡು ಕಲ್ಲು ಆರಿಸುವ ಕೆಲಸ ಈಗ ಹೆಚ್ಚು ಮನೆಗಳಲ್ಲಿ ಉಳಿದಿಲ್ಲ. ಪೊಟ್ಟಣದಲ್ಲಿ ಬರುವ ಬೇಳೆಗೆ ಕಲ್ಲೆಂದರೇನೆಂದೇ ಗೊತ್ತಿಲ್ಲ. ಆದರೂ ಕೈಗೆ ಹತ್ತಿದ ಹಳೆಯ ಚಾಳಿ ಬಿಡುವುದಿಲ್ಲವಾಗಿ, ಒಂದು ಭಾನುವಾರ ಬೆಳಿಗ್ಗೆ ಹೊಸಹಳ್ಳಿಯ ನಮ್ಮ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು, ಇಲ್ಲದ ಕಲ್ಲನ್ನು ಹುಡುಕುತ್ತ ಬೇಳೆಯ ಮೇಲೆ ಬೆರಳಾಡಿಸುತ್ತಿದ್ದೆ. ಗಟ್ಟಿಯಾದದ್ದೊಂದು ಸಿಕ್ಕಿತು. ಅದು ಕಲ್ಲಲ್ಲ, ನೇರಳೆ ಬಣ್ಣದ, ಗೋಲಿಗಿಂತ ಕೊಂಚ ದಪ್ಪದ, ಇಪ್ಪತ್ತು ಮುಖಗಳ ಒಂದು ದಾಳ. ಹಣೆಬರಹ ಬರೆಯುವ ಬ್ರಹ್ಮನಿಗೇ ನಾಲ್ಕು ಮುಖ ಸಾಕಾಗಿರುವಾಗ ಇಪ್ಪತ್ತು ಮುಖದ ಈ ವಸ್ತು ಯಾರ ಹಣೆಯಲ್ಲಿ ಏನು ಬರೆಯಲು ಹೊರಟಿದೆಯೋ ಎಂದುಕೊಂಡು, ಅದನ್ನು ಸೆರಗಿನಲ್ಲಿ ಒರೆಸಿ ಮಗಳಿಗೆ ಕೊಟ್ಟೆ.

ಮಗಳು ನಂದಿನಿ ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ವಾರವಿಡೀ ಲೆಕ್ಕ ತಪ್ಪಬಾರದೆಂದು ಮಕ್ಕಳನ್ನು ಗದರುವ ಈಕೆ ಭಾನುವಾರ ಮಧ್ಯಾಹ್ನ ಊಟವಾದೊಡನೆ ನಮ್ಮ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ, ಇಲ್ಲದ ಊರೊಂದರ ನಕ್ಷೆ ಬಿಡಿಸಿಕೊಂಡು ಕೂರುತ್ತಾಳೆ. ಎದುರುಮನೆಯ ದಿವ್ಯಾ ಬರುತ್ತಾಳೆ. ವಿಜಯನಗರದ ಕನ್ನಡಕದ ಅಂಗಡಿಯೊಂದರಲ್ಲಿ ಅವಳ ಕೆಲಸ. ಮಹಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಬಾಗಲಕೋಟೆಯ ಬಸವರಾಜ ಬರುತ್ತಾನೆ. ಹಗಲೆಲ್ಲ ಸ್ಕೂಟರಿನಲ್ಲಿ ಊರಿನ ಊಟವನ್ನು ಮನೆಮನೆಗೆ ಮುಟ್ಟಿಸುವ ಅವನಿಗೆ ಭಾನುವಾರ ಮಧ್ಯಾಹ್ನದ ಮೇಲೆ ಬಿಡುವು. ನನ್ನ ಯಜಮಾನರು ಮಾತ್ರ ಭಾನುವಾರದ ನಿದ್ದೆಯನ್ನು ಯಾವ ಸೀಮೆಗೂ ಬಿಟ್ಟುಕೊಡುವವರಲ್ಲ.

ಆಟ ಸರಳ. ಒಬ್ಬಳು ಕಥೆ ಹೇಳುತ್ತಾಳೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬ ಮನುಷ್ಯರಾಗುತ್ತಾರೆ. ‘ನಿಮ್ಮೆದುರು ಕಾಡು ಬಂತು, ಏನು ಮಾಡುತ್ತೀರಿ?’ ಎಂದು ಇವಳು ಕೇಳಿದರೆ ಅವರು ತಮಗೆ ತೋಚಿದ್ದು ಹೇಳುತ್ತಾರೆ. ಮಾಡುವ ಕೆಲಸ ಕಷ್ಟದ್ದಾದರೆ ಆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ದೊಡ್ಡ ಸಂಖ್ಯೆ ಬಿದ್ದರೆ ಗೆದ್ದರು, ಒಂದು ಬಿದ್ದರೆ ಕೆಟ್ಟರು. ಚೌಕಾಬಾರದಲ್ಲಿ ಕಾಯಿ ನಡೆಸುತ್ತೇವಲ್ಲ, ಇಲ್ಲಿ ತಾವೇ ಕಾಯಿ.

ನಂದಿನಿ ಕಟ್ಟಿದ ಆ ಲೋಕದ ಹೆಸರು ಏಳ್ಕೆರೆ ಸೀಮೆ. ಏಳು ಕೆರೆಗಳು, ಏಳು ಊರುಗಳು, ನಡುವೆ ಬೆಟ್ಟ, ಕಣಿವೆ. ಅದಕ್ಕೆ ಸಂತೆಯ ದಿನಗಳನ್ನೂ ಹಬ್ಬಗಳನ್ನೂ ಬೈಗುಳಗಳನ್ನೂ ಅವಳು ಬರೆದಿಟ್ಟಿದ್ದಳು. ಆದರೆ ಮೂರು ಪುಟ ಖಾಲಿ ಬಿಟ್ಟಿದ್ದಳು: ಮಂತ್ರ ಎಲ್ಲಿಂದ ಬರುತ್ತದೆ, ಜೀವ ಎಂದರೇನು, ಸತ್ತವರು ಏನಾಗುತ್ತಾರೆ. ಪ್ರತಿ ಭಾನುವಾರ ಆ ಮೂರು ಪುಟಗಳ ಬಳಿ ಬಂದು ಜಗಳ ನಿಲ್ಲುತ್ತಿತ್ತು. ದಿವ್ಯಾಳಿಗೆ ಎಲ್ಲ ಮಂತ್ರವೂ ಬೇಕು, ಬಸವರಾಜನಿಗೆ ಯಾರೂ ಸಾಯಬಾರದು, ನಂದಿನಿಗೆ ಮಾತ್ರ ಲೆಕ್ಕ ಕೂಡಿಬರಬೇಕು.

ಹೀಗೊಂದು ಜಗಳದ ನಡುವೆ ನಾನು ಕಾಫಿ ತಂದಿಟ್ಟಾಗ, ನನ್ನ ನೌಕರಿ ಏನಾಗಿತ್ತೆಂದು ಬಸವರಾಜ ಸುಮ್ಮನೆ ಕೇಳಿದ. ನಿವೃತ್ತಿಯಾಗುವವರೆಗೂ ಜನನ ಮರಣ ನೋಂದಣಿಯ ಕಿಟಕಿಯಲ್ಲಿ ಗುಮಾಸ್ತೆಯಾಗಿದ್ದೆ ಎಂದೆ. ಅವನು ಲೋಟ ಕೆಳಗಿಟ್ಟ.

“ಸಾವಿನ ರೂಲ್ ಬರಿಯಾಕ ನಿಮಗಿಂತ ಯಾರ್ ಬೇಕ್ರಿ ಆಂಟಿ?” ಎಂದ.

ಹೀಗೆ ಅರವತ್ತೆರಡನೆಯ ವಯಸ್ಸಿನಲ್ಲಿ, ಅರ್ಜಿ ಹಾಕದೆ, ಏಳ್ಕೆರೆ ಸೀಮೆಯ ಮೊದಲ ಗುಮಾಸ್ತೆಯಾಗಿ ನನ್ನ ನೇಮಕವಾಯಿತು.

ಗೆಳೆಯರೇ, ನಗಬೇಡಿ, ನಾನು ಆ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದೆ. ಉದ್ದನೆಯ ನೋಟ್‌ಬುಕ್ ತರಿಸಿದೆ, ಅಂಚು ಬಿಟ್ಟು ಗೆರೆ ಎಳೆದೆ. ಮಂತ್ರದ ನಿಯಮ ಮಾತ್ರ ನನ್ನದಲ್ಲ, ನಮ್ಮ ಅತ್ತೆಯದು. ಎಂಬತ್ತೆರಡರ ಕಮಲಮ್ಮ, ಎರಡೂ ಮಂಡಿ ನೋಯುವ, ಕಿವಿ ಮಾತ್ರ ಚುರುಕಾಗಿರುವ ಹೆಂಗಸು. ಕೋಣೆಯ ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದವರು, ಮಂತ್ರವಾದಿಯೊಬ್ಬ ತನ್ನಷ್ಟಕ್ಕೆ ತಾನೇ ಮಂತ್ರ ಹುಟ್ಟಿಸುವುದು ಹೇಗೆಂದು ಇವರೆಲ್ಲ ತಲೆ ಕೆಡಿಸಿಕೊಂಡಿದ್ದಾಗ, ಹಾಲು ಎಷ್ಟಿದ್ದರೇನು, ಹೆಪ್ಪಿಲ್ಲದೆ ಮೊಸರಾಗುತ್ತದೆಯೇ ಎಂದು ಕೇಳಿದರು. ಹೆಪ್ಪನ್ನು ಯಾರೂ ತಾವೇ ಹುಟ್ಟಿಸಿಕೊಂಡಿಲ್ಲ. ಪಕ್ಕದ ಮನೆಯಿಂದ ತಂದದ್ದು, ಅವರು ಅವರ ಪಕ್ಕದ ಮನೆಯಿಂದ ತಂದದ್ದು. ಮಂತ್ರವೂ ಹಾಗೆಯೇ ಇರಲಿ ಎಂದರು. ಇನ್ನೊಬ್ಬರನ್ನು ಕೇಳಿ ಪಡೆಯಬೇಕು, ಕೇಳಿದವರಿಗೆ ಇಲ್ಲವೆನ್ನಬಾರದು, ಯಾರಿಗೂ ಕೊಡದೆ ಇಟ್ಟುಕೊಂಡರೆ ಹುಳಿಯಾಗಿಬಿಡುತ್ತದೆ. ಮತ್ತೆ, ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವ ಪದ್ಧತಿ ಇಲ್ಲವಾದ್ದರಿಂದ ಸಂಜೆಯ ಮೇಲೆ ಏಳ್ಕೆರೆಯಲ್ಲಿ ಮಂತ್ರದ ಕೊಡು-ಕೊಳ್ಳು ಬಂದ್. ನಂದಿನಿ ಬಾಯಿ ತೆರೆದುಕೊಂಡು ಕೇಳಿಸಿಕೊಂಡಳು. ಇಷ್ಟು ದಿನ ಕೂಡಿಬರದ ಲೆಕ್ಕ ಒಂದು ಚಮಚ ಮೊಸರಿನಲ್ಲಿ ಕೂಡಿಬಂದಿತ್ತು.

ಜೀವ ಮತ್ತು ಸಾವು ನನ್ನ ಪಾಲಿಗೆ ಉಳಿದವು. ಬರೆಯಲು ಕುಳಿತಾಗ ಶಾಸ್ತ್ರ, ಪುರಾಣ ಯಾವುದೂ ನೆನಪಾಗಲಿಲ್ಲ. ನನ್ನ ಕಿಟಕಿ ನೆನಪಾಯಿತು. ಜನನಕ್ಕೂ ಮರಣಕ್ಕೂ ಒಂದೇ ಕೋಣೆ, ಅಕ್ಕಪಕ್ಕದ ಕಿಟಕಿಗಳು. ಒಮ್ಮೆ ಯುವಕನೊಬ್ಬ ಮಗಳು ಹುಟ್ಟಿದ ಸಂತೋಷದಲ್ಲಿ ಬೋರ್ಡು ನೋಡದೆ ಸಾವಿನ ಸಾಲಿನಲ್ಲಿ ನಿಂತು, ಹಿಂದೆ ಮುಂದೆ ಇದ್ದವರಿಗೆಲ್ಲ ಪೇಡೆ ಹಂಚಿಬಿಟ್ಟಿದ್ದ. ತಪ್ಪು ತಿಳಿದು ಅವನು ನಾಚಿ ನೀರಾದ; ಆದರೆ ಆ ಸಾಲಿನಲ್ಲಿ ಒಬ್ಬರೂ ಪೇಡೆಯನ್ನು ಹಿಂದಿರುಗಿಸಲಿಲ್ಲ. ಅಮ್ಮನನ್ನು ಕಳೆದುಕೊಂಡಿದ್ದ ಒಬ್ಬಾಕೆ ಅದನ್ನು ಬಾಯಿಗೆ ಹಾಕಿಕೊಂಡು, ಮಗುವಿಗೆ ಹೆಸರೇನಿಡುತ್ತೀರಿ ಎಂದು ಕೇಳಿದರು.

ಇನ್ನೊಂದು ಸಂಗತಿ. ಮರಣದ ಅರ್ಜಿಯಲ್ಲಿ ಹೆಸರಿಗೆ ಜಾಗವಿದೆ, ವಯಸ್ಸಿಗಿದೆ, ಸ್ಥಳಕ್ಕಿದೆ. ಅಷ್ಟು ತುಂಬಿ ಕೊಟ್ಟ ಮೇಲೂ ಜನ ಕಿಟಕಿ ಬಿಟ್ಟು ಹೋಗುತ್ತಿರಲಿಲ್ಲ. ‘ಬಾಳ ಚೆನ್ನಾಗಿ ಶಿಳ್ಳೆ ಹೊಡೀತಿದ್ರು ಮೇಡಂ’ ಎನ್ನುವರು. ‘ಉಪ್ಪಿಟ್ಟು ಅಂದ್ರೆ ಆಗ್ತಿರಲಿಲ್ಲ’ ಎನ್ನುವರು. ಬರೆದುಕೊಳ್ಳಲು ಜಾಗವಿಲ್ಲದ ಒಂದು ಮಾತನ್ನು ಹೇಳಿ, ನಾನು ತಲೆಯಾಡಿಸಿದ್ದನ್ನು ಕಂಡು, ಆಮೇಲೆ ಹೊರಡುವರು. ಹಾಗೆ ಹೇಳಿ ಹೋದವರ ಭುಜಗಳು ಬರುವಾಗಿನಂತೆ ಇರುತ್ತಿರಲಿಲ್ಲ. ಅದಕ್ಕೇ ನನ್ನ ನಿಯಮ ಹೀಗಾಯಿತು: ಏಳ್ಕೆರೆಯಲ್ಲಿ ಸತ್ತವರ ಜೀವ ಕೆರೆಯ ದಡದಲ್ಲಿ ನಿಂತು ಕಾಯುತ್ತದೆ. ಬದುಕಿರುವವರು ಯಾರಾದರೂ ಬಂದು, ಯಾವ ಅರ್ಜಿಯಲ್ಲೂ ಜಾಗವಿಲ್ಲದ ಒಂದು ಮಾತನ್ನು ಆ ಜೀವದ ಬಗ್ಗೆ ಹೇಳಬೇಕು. ಹೇಳಿದ ಮೇಲೆ ಅದು ಹಗುರಾಗಿ ನೀರಿಗಿಳಿಯುತ್ತದೆ. ಸತ್ತವರು ಮತ್ತೆ ಅದೇ ಮನುಷ್ಯರಾಗಿ ಎದ್ದು ಬರುವುದಿಲ್ಲ. ಯಾರ ಮಂತ್ರಕ್ಕೂ, ಯಾರ ಶಿಫಾರಸ್ಸಿಗೂ ಇಲ್ಲ. ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದೆ.

ಬಸವರಾಜ ಮುಖ ಸಣ್ಣಗೆ ಮಾಡಿಕೊಂಡರೂ ಒಪ್ಪಿದ. ಅದೇ ಭಾನುವಾರ ಇನ್ನೊಂದು ಅಚ್ಚರಿ ನಡೆಯಿತು. ಅತ್ತೆ ಹೂಬತ್ತಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ತಾವೂ ಆಡುತ್ತೇನೆಂದರು. ಏನಾಗುತ್ತೀರಿ, ರಾಣಿಯೋ ಋಷಿಪತ್ನಿಯೋ ಎಂದು ನಂದಿನಿ ಗೌರವದಿಂದ ಕೇಳಿದರೆ, ಹದಿನಾರು ವರ್ಷದ ಕಳ್ಳಿ ಎಂದರು. ಹೆಸರು ಚಿಗುರಿ, ಗೋಡೆ ಹತ್ತುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

ಆಹಾ, ಆ ಚಿಗುರಿಯನ್ನು ನೀವು ನೋಡಬೇಕಿತ್ತು. ಬಚ್ಚಲಿಗೆ ಹೋಗಲು ಗೋಡೆ ಹಿಡಿದು ನಡೆಯುವ ನಮ್ಮತ್ತೆ ನಾಲ್ಕು ತಿಂಗಳ ಕಾಲ ಏಳ್ಕೆರೆಯ ಒಂದು ಗೋಡೆಯನ್ನೂ ಬಿಡಲಿಲ್ಲ. ಗೌಡರ ಅಟ್ಟದಿಂದ ಹಪ್ಪಳ ಕದ್ದರು, ಸೇನಾಪತಿಯ ಕುದುರೆ ಕದ್ದು ಅದಕ್ಕೆ ಹುಲ್ಲು ಹಾಕಲು ಇನ್ನೊಬ್ಬರ ಹುಲ್ಲು ಕದ್ದರು. ದಿವ್ಯಾಳ ಬಿಲ್ಲುಗಾರ್ತಿಯೂ ಬಸವರಾಜನ ಗಿಡಮೂಲಿಕೆ ಪಂಡಿತನೂ ಅವರ ಹಿಂದೆ ಓಡಿ ಓಡಿ ಸುಸ್ತಾದರು. ವಾರದ ನಡುವೆ ಅಡುಗೆಮನೆಗೆ ಬಂದು, ಬೀಗ ತೆಗೆಯಲು ಕೂದಲಿನ ಪಿನ್ನು ಸಾಕಾಗುತ್ತದೆಯೇ ಎಂದು ನನ್ನನ್ನು ವಿಚಾರಿಸುವರು. ಈ ಮನೆಗೆ ಸೊಸೆಯಾಗಿ ಬಂದು ಮೂವತ್ತೈದು ವರ್ಷವಾಗಿತ್ತು. ನನ್ನತ್ತೆಗೆ ಹದಿನಾರು ತುಂಬಿದ್ದನ್ನು ನೋಡಿದ್ದು ಅದೇ ಮೊದಲು.

ಹೀಗಿರುವಾಗ ಮೂರನೆಯ ಕೆರೆ ದಾಟಿ ನಾಲ್ಕನೆಯದಕ್ಕೆ ಹೋಗುವ ಕಣಿವೆಯಲ್ಲಿ ಒಂದು ಹಗ್ಗದ ಸೇತುವೆ ಬಂತು. ಈಚೆ ದಡದ ಗೂಟ ಸಡಿಲವಾಗಿತ್ತು. ಒಬ್ಬರು ಹಗ್ಗ ಜಗ್ಗಿ ಹಿಡಿದರೆ ಉಳಿದವರು ದಾಟಬಹುದು. ಹಿಡಿದವರು ಕಡೆಗೆ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಹಾರಬೇಕು. ಯಾರು ಹಿಡಿಯುತ್ತೀರಿ ಎಂದು ನಂದಿನಿ ಕೇಳಿದಾಗ ಚಿಗುರಿ ಆಗಲೇ ಹಿಡಿದಾಗಿತ್ತು. ಇಬ್ಬರೂ ದಾಟಿದರು. ಅತ್ತೆ ದಾಳವನ್ನು ಎರಡೂ ಅಂಗೈಯಲ್ಲಿಟ್ಟು ಕುಲುಕಿ ಚಾಪೆಯ ಮೇಲೆ ಬಿಟ್ಟರು.

ಒಂದು ಬಿತ್ತು.

ಚಿಗುರಿ ಹಗ್ಗದ ಸಮೇತ ಕಣಿವೆಗೆ ಬಿದ್ದಳು. ದಾಳ ಚಾಪೆಯ ಮಡಿಕೆಗೆ ತಾಗಿತು, ಇನ್ನೊಮ್ಮೆ ಹಾಕಲಿ ಎಂದಳು ದಿವ್ಯಾ. ಅಜ್ಜಿಯದೊಂದು ಸಲ ಮಾಫ್ ಮಾಡಿ ಎಂದ ಬಸವರಾಜ. ಕಥೆ ಹೇಳುವವಳು ನನ್ನ ಮುಖ ನೋಡಿದಳು, ನಾನು ನೋಟ್‌ಬುಕ್ಕಿನ ಎರಡು ಗೆರೆಗಳನ್ನು ನೋಡಿದೆ. ಅಷ್ಟು ವರ್ಷ ಕಿಟಕಿಯ ಒಳಗೆ ಕುಳಿತ ನಾಲಿಗೆ ತಾನಾಗಿಯೇ, ನಿಯಮ ಎಲ್ಲರಿಗೂ ಒಂದೇ ಎಂದುಬಿಟ್ಟಿತು. ಅತ್ತೆ ಕನ್ನಡಕ ಮಡಿಸಿ ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ಸತ್ತವರು ಮತ್ತೆ ಆಡಬಹುದೇ, ಹೊಸ ಪಾತ್ರ ಕೊಡಬಹುದೇ ಎಂದು ನಾವು ಸಂಜೆಯವರೆಗೆ ವಾದಿಸಿದೆವು.

ಮುಂದಿನ ಭಾನುವಾರ ಮಂಡಿನೋವೆಂದು ಅವರು ಚಾಪೆಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಬಿಲ್ಲುಗಾರ್ತಿ, ಪಂಡಿತರಿಬ್ಬರೂ ನಾಲ್ಕನೆಯ ಕೆರೆಯ ಊರು ಸೇರಿದರಾದರೂ ಅಲ್ಲಿ ಕದಿಯುವವರೇ ಇಲ್ಲದೆ ಎಲ್ಲ ವಸ್ತುಗಳೂ ಇದ್ದಲ್ಲೇ ಇದ್ದವು.

ಇಷ್ಟು ಸಾಲದೆಂಬಂತೆ, ಆಂಟಿಯ ರೂಲಿನಿಂದ ಅಜ್ಜಿ ಸತ್ತುಹೋದರೆಂದು ದಿವ್ಯಾ ಹಾಲಿನ ಬೂತಿನಲ್ಲಿ ಯಾರ ಹತ್ತಿರವೋ ಫೋನಿನಲ್ಲಿ ಹೇಳುತ್ತಿದ್ದುದು ಹೂ ಮಾರುವ ಸಾಕಮ್ಮನ ಕಿವಿಗೆ ಬಿತ್ತು. ಆಕೆ ಬುಟ್ಟಿಯಲ್ಲಿದ್ದ ಸೇವಂತಿಗೆ ಹಾರವನ್ನೇ ಎತ್ತಿಕೊಂಡು, ಕಣ್ಣೀರು ಒರೆಸುತ್ತ ನಮ್ಮ ಬಾಗಿಲಿಗೆ ಬಂದಳು. ಬಾಗಿಲು ತೆರೆದವರು ಅತ್ತೆಯೇ. ಸಾಕಮ್ಮ ಹೌಹಾರಿ ಎರಡು ಹೆಜ್ಜೆ ಹಿಂದೆ ಹೋದಳು. ಅತ್ತೆ ಹಾರವನ್ನೂ ಅವಳ ಮುಖವನ್ನೂ ನೋಡಿ, ವಿಷಯ ಅರಿತು, ಹೌದು ಸತ್ತಿದ್ದೇನೆ, ಒಳಗೆ ಬಾ, ಕಾಫಿ ಕುಡಿದು ಹೋಗು ಎಂದರು. ಆ ಹಾರ ದೇವರ ಪಟಕ್ಕೆ ಹೋಯಿತು. ಆದರೆ ಸೊಸೆ ಅತ್ತೆಯನ್ನು ಕೊಂದ ಮಾತು ಬೀದಿಯಲ್ಲಿ ನಗುನಗುತ್ತ ಸುತ್ತಿ ಬಂದು ನನ್ನ ಎದೆಗೇ ನಾಟಿತು.

ಅವರ ನಾಲ್ಕು ತಿಂಗಳ ಹದಿನಾರು ವರ್ಷವನ್ನು ನನ್ನ ಎರಡು ಗೆರೆ ಕಿತ್ತುಕೊಂಡಿತ್ತಲ್ಲ, ಅದು ಯಾವ ನ್ಯಾಯ? ಲೋಕದ ಸಾವನ್ನು ತಿದ್ದಲಾಗದು, ಒಪ್ಪೋಣ. ನಾವೇ ಕಟ್ಟಿದ ಲೋಕದಲ್ಲೂ ಅಷ್ಟು ಸಲಿಗೆ ಬೇಡವೇ? ಕಿಟಕಿಗೆ ಒಮ್ಮೆ ಒಬ್ಬ ಮುದುಕಿ ಬಂದು, ಗಂಡನ ಹೆಸರನ್ನು ಆ ಪುಸ್ತಕದಿಂದ ತೆಗೆದುಹಾಕಿ ಎಂದು ಮೆಲ್ಲಗೆ ಕೇಳಿದ್ದರು. ತೆಗೆದರೆ ಏನೋ ಆಗಬಹುದೆಂಬಂತೆ. ಆಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಈಗ ಪೆನ್ನೂ ಇತ್ತು, ಪುಸ್ತಕವೂ ನನ್ನದೇ. ಆ ವಾಕ್ಯವನ್ನು ಹೊಡೆದುಹಾಕಿ, ‘ವಿಶೇಷ ಸಂದರ್ಭದಲ್ಲಿ ಒಮ್ಮೆ ಮರಳಿ ಬರಬಹುದು’ ಎಂದು ಬರೆದು ಅತ್ತೆಯ ಕೋಣೆಗೆ ಒಯ್ದೆ.

ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

“ಇದನ್ನ ತಿದ್ದಬೇಡ ಕಣೇ,” ಎಂದರು. “ಎದ್ದು ಬರೋ ಹಾಗಿದ್ರೆ, ನಾನು ಹಗ್ಗ ಹಿಡ್ಕೊಂಡಿದ್ದಕ್ಕೆ ಏನು ಬೆಲೆ?”

ನಾನು ಮಂಚದ ತುದಿಯಲ್ಲಿ ಕುಳಿತೆ. ಹಾಗಾದರೆ ಆಟಕ್ಕೆ ಯಾಕೆ ಬರುತ್ತಿಲ್ಲವೆಂದು ಕೇಳಿದೆ.

“ನೀನೇ ಬರ್ದಿದೀಯಲ್ಲ. ಯಾರಾದ್ರೂ ಬಂದು ಒಂದು ಮಾತು ಹೇಳೋವರೆಗೂ ದಡದಲ್ಲೇ ನಿಂತಿರಬೇಕು ಅಂತ. ಎರಡು ವಾರದಿಂದ ನಿಂತಿದೀನಿ. ಒಬ್ರೂ ಬರಲಿಲ್ಲ.”

ಅಯ್ಯೋ, ಗೆಳೆಯರೇ. ನಿಯಮ ಬರೆದವಳೇ ನಿಯಮ ಮರೆತಿದ್ದೆ. ಅವರನ್ನು ವಾಪಸು ಕರೆಯಬಹುದೋ ಬಾರದೋ ಎಂದು ವಾದಿಸುವ ಭರದಲ್ಲಿ, ಅವರನ್ನು ಕಳುಹಿಸಿಕೊಡಬೇಕೆಂಬುದೇ ನಮಗೆ ಹೊಳೆದಿರಲಿಲ್ಲ. ಅವರು ಮುನಿಸಿಕೊಂಡು ಮಲಗಿರಲಿಲ್ಲ. ಪಾಲಿಗೆ ಬಂದ ಸಾವನ್ನು ನಿಯಮದಂತೆ ಆಡುತ್ತಿದ್ದರು. ನಮ್ಮಲ್ಲಿ ಸರಿಯಾಗಿ ಆಡುತ್ತಿದ್ದವರು ಅವರೊಬ್ಬರೇ.

ಮುಂದಿನ ಭಾನುವಾರ ಚಾಪೆ ಹಾಸಲಿಲ್ಲ. ಎರಡು ಆಟೋ ಮಾಡಿಕೊಂಡು, ಯಜಮಾನರನ್ನೂ ನಿದ್ದೆಯಿಂದ ಎಬ್ಬಿಸಿಕೊಂಡು, ಬಿಸಿಲು ಇಳಿಯುವ ಹೊತ್ತಿಗೆ ಮಲ್ಲತ್ತಹಳ್ಳಿ ಕೆರೆಗೆ ಹೋದೆವು. ವಾಕಿಂಗಿಗೆ ಬಂದವರು ಕೈ ಬೀಸಿಕೊಂಡು ಸುತ್ತುತ್ತಿದ್ದರು. ನೀರುಕಾಗೆಯೊಂದು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ಅತ್ತೆಯನ್ನು ನೀರಿಗೆ ಮುಖ ಮಾಡಿ ಕಲ್ಲುಬೆಂಚಿನ ಮೇಲೆ ಕೂರಿಸಿದೆವು. ಅವರು ಮಾತಾಡುವ ಹಾಗಿರಲಿಲ್ಲ.

ಮೊದಲು ದಿವ್ಯಾ. ಎರಡನೆಯ ಕೆರೆಯ ಊರಿನಲ್ಲಿ ಚಿಗುರಿ ವೈದ್ಯರ ಮನೆಯ ಬೀಗದಕೈ ಕದ್ದವಳು, ಒಳಗೆ ಬಾಣಂತಿ ಮಲಗಿರುವುದನ್ನು ಕಂಡು, ಕದ್ದದ್ದಕ್ಕಿಂತ ನಿಧಾನವಾಗಿ ಅದನ್ನು ಮೊಳೆಗೆ ತೂಗುಹಾಕಿ ಬಂದಿದ್ದಳೆಂದು ನೆನಪಿಸಿದಳು. ನಂದಿನಿ, ತಾನು ಬರೆದಿದ್ದ ಕಥೆಯನ್ನು ಚಿಗುರಿ ಒಮ್ಮೆಯೂ ಬರೆದಂತೆ ನಡೆಯಲು ಬಿಡಲಿಲ್ಲವೆಂದೂ, ಅದಕ್ಕಾಗಿ ಕೃತಜ್ಞಳೆಂದೂ ಹೇಳಿದಳು. ಮುಂದೆ ಬಸವರಾಜ. ಚಳಿಗಾಲದಲ್ಲಿ ತನಗೆ ಜ್ವರ ಬಂದು ಮಹಡಿಯ ಕೋಣೆಯಲ್ಲಿ ಒಬ್ಬನೇ ಮಲಗಿದ್ದಾಗ, ಮೂರು ದಿನ ಬಾಗಿಲ ಬಳಿ ಯಾರೋ ಗಂಜಿ, ನಿಂಬೆ ಉಪ್ಪಿನಕಾಯಿ ಇಟ್ಟು ಹೋಗಿದ್ದರು ಎಂದ. ನಾನು ಯಜಮಾನರತ್ತ ನೋಡಿದೆ. ನಮಗೆ ಯಾರಿಗೂ ಗೊತ್ತಿರದ ಸಂಗತಿ ಅದು.

“ಆ ಗಂಜಿ ಇಟ್ಟಾಕಿ ಚಿಗುರಿನ ಇರಬೇಕ್ರಿ,” ಎಂದ ಅವನು. “ನಮ್ಮ ಪೈಕಿ ಗ್ವಾಡಿ ಹತ್ತಾಕ ಬರೋದು ಆಕಿಗಷ್ಟ.”

ಅತ್ತೆ ನೀರನ್ನೇ ನೋಡುತ್ತಿದ್ದರು. ಅವರ ಮಂಡಿಗಳಿಗೆ ಮಹಡಿಯ ಆ ಹದಿನಾಲ್ಕು ಮೆಟ್ಟಿಲು ಏನೆಂಬುದು ನನಗೆ ಗೊತ್ತು.

ನನ್ನ ಸರದಿ ಬಂತು. ನಾನು ಹೇಳಿದ ಚಿಗುರಿಯ ಕಥೆ ಏಳ್ಕೆರೆಯ ಯಾವ ಪುಟದಲ್ಲೂ ಇಲ್ಲ. ಹೊಸ ಸೊಸೆಯೊಬ್ಬಳಿಗೆ ಸತ್ತವರ ಹೆಸರು ಬರೆಯುವ ಕೆಲಸ ಸಿಕ್ಕಿತು. ದಿನಾ ಸೂತಕ ಹೊತ್ತು ತರುತ್ತಾಳೆ, ಹಿತ್ತಿಲಲ್ಲಿ ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಲಿ ಎಂದು ನೆಂಟರೆಲ್ಲ ಸೇರಿ ತೀರ್ಮಾನಿಸಿದರು. ಮೊದಲ ದಿನ ಸಂಜೆ ಅವಳು ಹೆದರಿಕೊಂಡು ಹಿತ್ತಿಲ ಕಡೆಗೆ ತಿರುಗಿದಾಗ, ಚಿಗುರಿ ಮುಂಬಾಗಿಲಲ್ಲಿ ಬಿಸಿ ಕಾಫಿ ಹಿಡಿದು ನಿಂತಿದ್ದಳು. ಇವಳು ಸಾವನ್ನ ತರೋದಿಲ್ಲ, ಬರ್ಕೊಳ್ತಾಳೆ ಅಷ್ಟೇ ಎಂದು ನೆಂಟರಿಗೆ ಕೇಳುವಂತೆ ಹೇಳಿ, ಕೈಹಿಡಿದು ಒಳಗೆ ಕರೆದುಕೊಂಡಳು. ಆ ಸೊಸೆ ಇದನ್ನು ಅವಳಿಗೆ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಹೇಳುತ್ತಿದ್ದಾಳೆ.

ನಾವು ಸಾಮಾನ್ಯವಾಗಿ ಇಂಥ ಮಾತುಗಳನ್ನು ಕೇಳುವ ಕಿವಿ ಇಲ್ಲವಾದ ಮೇಲೆ ಆಡುತ್ತೇವೆ. ಆಟವೆಂಬ ನೆಪ ಸಿಕ್ಕಿದ್ದರಿಂದ ಅವು ಸಮಯಕ್ಕೆ ಸರಿಯಾಗಿ ತಲುಪಿದವು. ನಂದಿನಿ ಕಥೆ ಹೇಳುವ ದನಿಯಲ್ಲಿ, ಚಿಗುರಿ ಹಗುರಾಗಿ ನೀರಿಗಿಳಿದಳು ಎಂದಳು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕೈಯನ್ನು ಒಮ್ಮೆ ಅದುಮಿ, ಚುರುಮುರಿ ತಿನ್ನಬೇಕೆನಿಸುತ್ತಿದೆ, ಖಾರ ಜಾಸ್ತಿ ಇರಲಿ ಎಂದರು.

ಅದರ ಮುಂದಿನ ಭಾನುವಾರ ಊಟದ ಎಲೆ ಎತ್ತುವ ಮೊದಲೇ ಅತ್ತೆ ಚಾಪೆಯ ಮೇಲಿದ್ದರು. ಹೊಸ ಪಾತ್ರ ಬೇಕು ಎಂದರು. ನಾನು ಗತ್ತಿನಿಂದ ನೋಟ್‌ಬುಕ್ ತೆರೆದೆ. ಆಗ ಗೊತ್ತಾಯಿತು: ಸಾಯುವ ಕ್ರಮವನ್ನು ಪುಟಗಟ್ಟಲೆ ಬರೆದಿದ್ದ ನಾನು ಹುಟ್ಟುವ ಕ್ರಮವನ್ನು ಒಂದು ಸಾಲೂ ಬರೆದಿರಲಿಲ್ಲ. ಕಿಟಕಿಯ ಅರ್ಧ ಕೆಲಸ ಬಾಕಿಯಿತ್ತು. ಏಳ್ಕೆರೆಗೆ ಜೀವ ಬರುವುದು ಹೇಗೆಂದು ಮತ್ತೆ ಜಗಳ ಶುರುವಾಯಿತು; ಬೆಳೆದವರಾಗಿಯೇ ಬಂದುಬಿಡಲಿ, ಕಥೆಗೆ ಅನುಕೂಲ ಎಂದು ಬಸವರಾಜ ಸೂಚಿಸಿದ. ಅತ್ತೆ ಒಪ್ಪಲಿಲ್ಲ. ಹುಟ್ಟುವುದೆಂದರೆ ಕೂಸಾಗಿಯೇ ಹುಟ್ಟಬೇಕು, ಅಡ್ಡದಾರಿ ಬೇಡ ಎಂದರು. ಕೂಸು ಬೆಟ್ಟ ಹತ್ತುವುದು ಹೇಗೆಂದು ದಿವ್ಯಾ ಕೇಳಿದಳು.

“ಎತ್ಕೊಂಡು ಹೋಗ್ರಮ್ಮ,” ಎಂದರು ಎಂಬತ್ತೆರಡರ ಕಮಲಮ್ಮ, ಕಾಲು ಚಾಚಿ ಗೋಡೆಗೆ ಒರಗಿಕೊಳ್ಳುತ್ತ. “ಇಷ್ಟು ವರ್ಷ ನಾನು ಎಷ್ಟು ಜನನ್ನ ಎತ್ಕೊಂಡಿಲ್ಲ.”

ನಾನು ಹೊಸ ಪುಟದಲ್ಲಿ ಗೆರೆ ಎಳೆದು ಹಾಗೆಯೇ ಬರೆದುಕೊಂಡೆ: ಏಳ್ಕೆರೆಯಲ್ಲಿ ಹುಟ್ಟಿದವರನ್ನು, ಕಾಲು ಬರುವವರೆಗೂ, ಉಳಿದವರು ಎತ್ತಿಕೊಂಡು ನಡೆಯತಕ್ಕದ್ದು. ಆ ಮಧ್ಯಾಹ್ನ ಬಿಲ್ಲುಗಾರ್ತಿಯೂ ಪಂಡಿತನೂ ನಾಲ್ಕನೆಯ ಕೆರೆಯ ಆಚೆಯ ಬೆಟ್ಟವನ್ನು ಸರದಿಯ ಮೇಲೆ ಕೂಸನ್ನು ಹೊತ್ತು ಹತ್ತಿದರು. ದಾರಿಯುದ್ದಕ್ಕೂ ಅದು ಹಟ ಮಾಡಿತು, ಬಿಲ್ಲಿನ ಹೆದೆ ಜಗ್ಗಿತು, ಪಂಡಿತನ ಗಿಡಮೂಲಿಕೆಯನ್ನೆಲ್ಲ ಬಾಯಿಗೆ ಹಾಕಿಕೊಂಡಿತು. ತುದಿ ತಲುಪುವ ಹೊತ್ತಿಗೆ, ನಕ್ಕು ನಕ್ಕು ನೀರಾಡುತ್ತಿದ್ದ ಕಣ್ಣುಗಳನ್ನು ಒರೆಸಿಕೊಳ್ಳುತ್ತ, ನಮ್ಮತ್ತೆ ತಮಗೆ ಈಗ ಹಸಿವಾಗುತ್ತಿದೆಯೆಂದು ಏಳ್ಕೆರೆಗೆಲ್ಲ ಕೇಳುವಂತೆ ಅತ್ತರು.